ಕೈಮರದ ಮೇಲಿನ ಅಕ್ಷರ

ಕೋಲಾರ ಜಿಲ್ಲೆಯ ವಕ್ಕಲೇರಿಗೆ ರೈಲಿಲ್ಲ. ಗಾಡಿ ಹಿಡಿಯಬೇಕಾದವರು ಮಾಲೂರಿಗೋ ಟೇಕಲ್‌ಗೋ ಬಂಗಾರಪೇಟೆಗೋ ಹೋಗಬೇಕು. ಮೂರರಲ್ಲಿ ನನಗೆ ಬಂಗಾರಪೇಟೆಯ ಮೇಲೆ ಒಲವು ಹೆಚ್ಚು, ಏಕೆಂದರೆ ಅಲ್ಲಿ ಹಳಿ ಕವಲೊಡೆಯುತ್ತದೆ. ಬೆಂಗಳೂರಿನಿಂದ ಬಂದ 1864ರ ದಾರಿ ಕುಪ್ಪಂ, ಜೋಲಾರಪೇಟೆಗಳತ್ತ ಮುಂದುವರಿಯುತ್ತದೆ. 1894ರಲ್ಲಿ ಬಂದ ಕವಲು ಚಿನ್ನದ ಗಣಿಗಳ ನಡುವೆ ಹಾದು ಮಾರಿಕುಪ್ಪಂನಲ್ಲಿ ಕೊನೆಯಾಗುತ್ತದೆ. 1913ರಲ್ಲಿ ನ್ಯಾರೋ ಗೇಜಾಗಿ ಹುಟ್ಟಿದ ಮತ್ತೊಂದು ಕವಲು ಕೋಲಾರ, ಶ್ರೀನಿವಾಸಪುರ, ಚಿಂತಾಮಣಿಗಳ ಕಡೆ ಹೊರಳುತ್ತದೆ.

ಬಸ್ಸಿನ ಡ್ರೈವರ್ ಕೈಯಲ್ಲಿ ಸ್ಟೀರಿಂಗ್ ಇರುತ್ತದೆ. ರೈಲಿನ ಲೋಕೋ ಪೈಲಟ್‌ಗೆ ಅದಿಲ್ಲ. ಯಾವ ಕವಲು ಎಂಬುದನ್ನು ತೀರ್ಮಾನಿಸುವವರು ಸ್ಟೇಷನ್ನಿನವರು. ಅವನ ಕೈಯಲ್ಲಿರುವುದು ವೇಗ ಮಾತ್ರ. ನೇರ ದಾರಿಯಲ್ಲಿ ನೂರರ ಮೇಲೆ ಓಡುವ ಗಾಡಿ ಪಕ್ಕದ ಲೂಪ್ ಲೈನಿಗೆ ಹೊರಳಬೇಕಾದರೆ ಅದಕ್ಕೆ ಮೊದಲೇ ನಿಧಾನವಾಗಿರಬೇಕು. ಆದ್ದರಿಂದ ‘ಹೋಗು’ ಎಂದಷ್ಟೇ ಹೇಳಿದರೆ ಸಾಲದು, ‘ಯಾವ ಕಡೆಗೆ’ ಎಂದೂ ಹೇಳಬೇಕು. ಬಣ್ಣದ ದೀಪಗಳಿಗೆ ಜೊತೆಯಾಗಿ ರೂಟ್ ಇಂಡಿಕೇಟರ್ ಬಂದದ್ದು ಇದಕ್ಕೇ.

ಅದಕ್ಕೂ ಮುಂಚೆ ಈ ಕೆಲಸವನ್ನು ಕೈಮರ ಮಾಡುತ್ತಿತ್ತು. ಕೈಮರ ಎಂಬ ಮಾತು ನಮ್ಮಲ್ಲಿ ಊರ ದಾರಿ ತೋರುವ ಕಂಬಕ್ಕೂ ಇದೆ, ರೈಲಿನ ಸಿಗ್ನಲ್‌ಗೂ ಇದೆ. ಎರಡರ ಕೆಲಸವನ್ನೂ ಒಂದೇ ಪದದಲ್ಲಿ ಹಿಡಿದವರು ಯಾರೋ, ಅವರಿಗೆ ನಮಸ್ಕಾರ. ಸ್ಟೇಷನ್ನಿನ ಹೊರಗೆ ಒಂದೇ ಬುಡದ ಮೇಲೆ ಎರಡು ಮೂರು ಕಂಬಗಳು, ಒಂದೊಂದಕ್ಕೂ ಒಂದೊಂದು ಕೈ. ಎತ್ತರದ ಕೈ ಮೇನ್ ಲೈನಿನದು, ಪಕ್ಕದ ಗಿಡ್ಡ ಕೈಗಳು ಲೂಪಿನವು. ಎಡದ ಕೈ ಬಾಗಿದರೆ ಎಡದ ದಾರಿ. ಅಕ್ಷರ ಬಾರದವನೂ ಓದಬಹುದಾಗಿದ್ದ ಬರಹ ಅದು.

ಬಣ್ಣದ ದೀಪಗಳು ಬಂದಾಗ ಆ ಕೈಗಳೆಲ್ಲ ಒಂದೇ ಕಂಬಕ್ಕೆ ಇಳಿದವು. ಈಗ ಸ್ಟೇಷನ್ನಿಗೆ ಒಳಬಿಡುವ ಹೋಂ ಸಿಗ್ನಲ್‌ನ ನೆತ್ತಿಯ ಮೇಲೆ ಐದು ಬಿಳಿ ದೀಪಗಳ ಸಾಲೊಂದು ಓರೆಯಾಗಿ ಹೊತ್ತಿಕೊಳ್ಳುತ್ತದೆ. ಎಡಕ್ಕೆ ಮೂರು ಕೋನ, ಬಲಕ್ಕೆ ಮೂರು ಕೋನ. ಒಟ್ಟು ಆರು ಕವಲು ತೋರಿಸಬಹುದು. ಐದರಲ್ಲಿ ಕನಿಷ್ಠ ಮೂರು ದೀಪ ಉರಿಯದಿದ್ದರೆ ಸಿಗ್ನಲ್ ಕೆಂಪು ಬಿಡುವುದೇ ಇಲ್ಲ. ನೇರ ದಾರಿಗೆ ಈ ಸಾಲು ಹೊತ್ತುವುದಿಲ್ಲ. ಕತ್ತಲಾಗಿ ಉಳಿಯುವುದೇ ಅಲ್ಲಿ ಒಂದು ಮಾತು.

ಅಕ್ಷರದ ಸರದಿ ಬರುವುದು ಗಾಡಿ ಮೆಲ್ಲಗೆ ಸಾಗುವ ಕಡೆ. ಚೌಕಟ್ಟಿನೊಳಗೆ ಸಣ್ಣ ದೀಪಗಳು ಸೇರಿ ಒಂದು ಅಂಕಿಯನ್ನೋ ಅಕ್ಷರವನ್ನೋ ಬರೆಯುತ್ತವೆ. ಬ್ರಿಟಿಷರು ಇದಕ್ಕೆ ಥಿಯೇಟರ್ ಇಂಡಿಕೇಟರ್ ಎಂದರು, ನಮ್ಮಲ್ಲಿ ಮಲ್ಟಿಲ್ಯಾಂಪ್ ಎನ್ನುತ್ತಾರೆ. ವೇಗದ ಕಡೆ ಇದನ್ನು ಹಾಕದಿರುವುದಕ್ಕೆ ಕಾರಣವಿದೆ. ಗಂಟೆಗೆ 100 ಕಿ.ಮೀ. ಓಡುವ ಗಾಡಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ದಾಟುತ್ತದೆ. ಓರೆ ಸಾಲು ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಅಕ್ಷರ ಹತ್ತಿರ ಹೋಗುವವರೆಗೆ ಬಿಡಿಸಿಕೊಳ್ಳುವುದಿಲ್ಲ.

ಹಾಗಾದರೆ ಯಾವ ಅಕ್ಷರಕ್ಕೆ ಏನರ್ಥ? ಇಂಗ್ಲೆಂಡಿನಲ್ಲಿ ಎಂ ಎಂದರೆ ಮೇನ್, ಎಫ್ ಎಂದರೆ ಫಾಸ್ಟ್, ಎಸ್ ಎಂದರೆ ಸ್ಲೋ ಲೈನ್. ಆದರೆ ಎಲ್ಲ ಊರಿಗೂ ಹೊಂದುವ ಒಂದೇ ನಿಘಂಟು ಇಲ್ಲ. ಯಾವ ಅಂಕಿ ಯಾವ ಲೈನು ಎಂಬುದು ಆಯಾ ಸ್ಟೇಷನ್ನಿನ ಒಪ್ಪಂದ. ಅದಕ್ಕೇ ಲೋಕೋ ಪೈಲಟ್ ಹೊಸ ಮಾರ್ಗಕ್ಕೆ ಹೋಗುವ ಮೊದಲು ಬಲ್ಲವರ ಜೊತೆ ಇಂಜಿನ್ನಿನಲ್ಲಿ ಓಡಾಡಿ, ರಾತ್ರಿಯೂ ನೋಡಿ, ‘ಈ ದಾರಿ ನನಗೆ ಗೊತ್ತು’ ಎಂದು ಸಹಿ ಹಾಕುತ್ತಾನೆ. ರೋಡ್ ಲರ್ನಿಂಗ್ ಎಂದರೆ ಇದೇ.

ಬಲ್ಲವರು ಬೇಕಾದ ಅಕ್ಷರ ವಕ್ಕಲೇರಿಗೆ ಹೊಸದಲ್ಲ. ಬಾದಾಮಿ ಚಾಲುಕ್ಯರ ಎರಡನೆಯ ಕೀರ್ತಿವರ್ಮನ 757ರ ತಾಮ್ರಶಾಸನ ಸಿಕ್ಕಿದ್ದು ಈ ಊರಿನಲ್ಲಿ. ಅವನ ತಂದೆ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ಸಂಗತಿ ಅದರಲ್ಲಿದೆ. ಸಾವಿರಕ್ಕೂ ಹೆಚ್ಚು ವರ್ಷಗಳಾಚೆಗೆ ಓದುವವರು ಬಂದರೂ ಆ ತಾಮ್ರಕ್ಕೆ ನಷ್ಟವಾಗಲಿಲ್ಲ. ಸಿಗ್ನಲ್‌ನ ಅಕ್ಷರಕ್ಕೆ ಅಷ್ಟು ಪುರುಸೊತ್ತಿಲ್ಲ.

ದಾರಿ ಹೇಳದ ಅಕ್ಷರಗಳೂ ಕಂಬದ ಮೈಮೇಲಿವೆ. ಪ್ರಯಾಣಿಕರು ಹೆಚ್ಚಾಗಿ ನೋಡುವುದು ಇವನ್ನೇ. ಹಳದಿ ಬಿಲ್ಲೆಯ ಮೇಲೆ ಕಪ್ಪು ಜಿ ಇದ್ದರೆ ಮುಂದೆ ಲೆವೆಲ್ ಕ್ರಾಸಿಂಗ್ ಗೇಟು. ಬಿಳಿ ಬಿಲ್ಲೆಯ ಮೇಲೆ ಎ ಇದ್ದರೆ ಆಟೊಮ್ಯಾಟಿಕ್ ಸಿಗ್ನಲ್: ಕೆಂಪಿದ್ದರೂ ಹಗಲಲ್ಲಿ 1 ನಿಮಿಷ, ರಾತ್ರಿ 2 ನಿಮಿಷ ನಿಂತು, ಎಚ್ಚರದಿಂದ ತೆವಳಿಕೊಂಡು ಮುಂದೆ ಹೋಗಬಹುದು. ಯಾವ ಅಕ್ಷರವೂ ಇಲ್ಲದ ಹೋಂ ಸಿಗ್ನಲ್‌ನ ಕೆಂಪು ಹಾಗಲ್ಲ. ಅಪ್ಪಣೆಯಿಲ್ಲದೆ ಒಂದಿಂಚೂ ಸರಿಯುವಂತಿಲ್ಲ. ಎಲ್ಲಕ್ಕಿಂತ ನಾನು ಮೆಚ್ಚುವುದು ಎ ಮತ್ತು ಜಿ ಒಟ್ಟಿಗಿರುವ ಕಂಬವನ್ನು. ಅಲ್ಲಿ ಎ ದೀಪದ ಅಕ್ಷರ. ಗೇಟು ಮುಚ್ಚಿ ಬೀಗ ಬಿದ್ದರೆ ಮಾತ್ರ ಅದು ಬೆಳಗುತ್ತದೆ. ಆರಿದ್ದರೆ ಲೋಕೋ ಪೈಲಟ್ ಆ ಕೆಂಪನ್ನು ಗೇಟಿನ ಕೆಂಪೆಂದೇ ತಿಳಿಯಬೇಕು. ಆಚೆ ಎತ್ತಿನಗಾಡಿಯೋ ಶಾಲೆಯ ವ್ಯಾನೋ ಹಳಿ ದಾಟುತ್ತಿರಬಹುದು.

ಕಂಬ ಹೇಳಿದ್ದೂ ಹಳಿ ಮಾಡಿದ್ದೂ ಬೇರೆಯಾದರೆ ಏನಾಗುತ್ತದೆಂದು ನಾವು ಕಂಡಿದ್ದೇವೆ. 2023ರ ಜೂನ್ 2ರಂದು ಒಡಿಶಾದ ಬಹನಗಾ ಬಜಾರಿನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ನೇರ ದಾರಿಯ ಸಿಗ್ನಲ್ ಸಿಕ್ಕಿತ್ತು, ಹಳಿ ಕವಲೊಡೆಯುವ ಪಾಯಿಂಟು ಲೂಪಿಗೆ ತಿರುಗಿತ್ತು. 290ಕ್ಕೂ ಹೆಚ್ಚು ಜನ ಸತ್ತರು. 2024ರ ಅಕ್ಟೋಬರ್ 11ರ ರಾತ್ರಿ ಚೆನ್ನೈ ಬಳಿಯ ಕವರಪೇಟೆಯಲ್ಲಿ ನಿಂತ ಗೂಡ್ಸ್ ಗಾಡಿಗೆ ಗುದ್ದಿದ್ದು ನಮ್ಮ ಮೈಸೂರಿನಿಂದ ಹೊರಟ ದರ್ಭಂಗಾ ಗಾಡಿ. ಅಲ್ಲಿಯೂ ಸಿಗ್ನಲ್ ನೇರಕ್ಕೆ, ಗಾಡಿ ಹೋದದ್ದು ಲೂಪಿಗೆ. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಎರಡು ಕಡೆಯೂ ಇಂಜಿನ್ನಿನಲ್ಲಿದ್ದವರು ಕಂಬವನ್ನು ಸರಿಯಾಗಿಯೇ ಓದಿದ್ದರು.

ಸಂಜೆಯ ಮಾರಿಕುಪ್ಪಂ ಗಾಡಿ ಬಂಗಾರಪೇಟೆಗೆ ಹತ್ತಿರವಾಗುವಾಗ ಬೋಗಿಯಲ್ಲಿ ಕೆಲಸ ಮುಗಿಸಿ ಬಂದವರು ತೂಕಡಿಸುತ್ತಿರುತ್ತಾರೆ. ಮುಂದಿನ ಕ್ಯಾಬಿನ್ನಿನಲ್ಲಿ ಲೋಕೋ ಪೈಲಟ್ ತಾನು ಕಂಡ ಸಿಗ್ನಲ್‌ನ ಬಣ್ಣವನ್ನು ಬಾಯಿಬಿಟ್ಟು ಕೂಗಿ ಹೇಳಬೇಕು, ಕೂಗಿದ್ದನ್ನು ಕೈಯೆತ್ತಿ ತೋರಿಸಬೇಕು. ದಿನಕ್ಕೆ ಎಷ್ಟು ಸಲ ಕಂಡ ಕಂಬವಾದರೂ ಸರಿ, ಕೂಗಲೇಬೇಕು.