ಎರಡೂವರೆ ಮಿಲಿಮೀಟರ್ ಬಾಗಿಲು

ಎದೆನೋವು ಬಂದ ವಿಜಯಪುರ ಜಿಲ್ಲೆಯ ಸಿಂದಗಿಯವರು ಸುಮಾರು 100 ಕಿ.ಮೀ. ದಾಟಿ ಕಲಬುರಗಿಗೆ ಹೋದರೆ, 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ 371 ಹಾಸಿಗೆಗಳಿವೆ. ಕಟ್ಟಡ ಅಷ್ಟು ದೊಡ್ಡದು. ಆದರೆ ಆಂಜಿಯೋಗ್ರಾಂಗೆಂದು ಹೃದಯದತ್ತ ತೆರೆಯುವ ಬಾಗಿಲು ಎಷ್ಟು ಅಗಲ? ಬರೀ ಎರಡೂವರೆ ಮಿಲಿಮೀಟರ್!

ತೆರೆಯುವುದು ಸುಲಭ, ಮುಚ್ಚುವುದೇ ಕಷ್ಟ. ಈ ಬಾಗಿಲು ಕೊರೆಯುವ ತೊಡೆಸಂದಿನ ರಕ್ತನಾಳದ ಅಗಲ 6ರಿಂದ 8 ಮಿ.ಮೀ.; ತೂತು ಅದರ ಸುಮಾರು ಮೂರನೆಯ ಒಂದು ಭಾಗ. ಒಳಗಿನ ಒತ್ತಡ 120 ಮಿ.ಮೀ. ಪಾದರಸದಷ್ಟಿದ್ದರೆ ರಕ್ತವನ್ನು ಐದಡಿ ಎತ್ತರಕ್ಕೆ ಏರಿಸಬಲ್ಲದು. ಇಂಗ್ಲೆಂಡಿನ ವಿಜ್ಞಾನಿ ಸ್ಟೀಫನ್ ಹೇಲ್ಸ್ 1733ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕುದುರೆಯೊಂದರ ನಾಳಕ್ಕೆ ಗಾಜಿನ ಕೊಳವೆ ಜೋಡಿಸಿದಾಗ ರಕ್ತ ಏರಿದ್ದು ಎಂಟಡಿ ಮೂರಂಗುಲ! ನಮ್ಮ ಹೃದಯವೇನು ಸಾಮಾನ್ಯವೇ? ದಿನಕ್ಕೆ ಒಂದು ಲಕ್ಷ ಬಡಿತ, 7,200 ಲೀಟರ್ ರಕ್ತ. 15 ಲೀಟರ್ ಕೊಡದಲ್ಲಿ ಅಳೆದರೆ 480 ಕೊಡ.

ಈಗ ಆಂಜಿಯೋಗ್ರಾಂ ಕೊಳವೆ ಹೊರತೆಗೆದು ಬೆರಳಿನಿಂದ 20 ನಿಮಿಷ ಒತ್ತಿ ಹಿಡಿಯುವವರನ್ನು ನೆನೆಯಿರಿ. ಅಷ್ಟರಲ್ಲಿ ಹೃದಯ ಆ ಬೆರಳನ್ನು ಒಳಗಿನಿಂದ 1,400 ಸಲ ನೂಕಿರುತ್ತದೆ. ಆಮೇಲೆ ಆರು ತಾಸು ಕಾಲು ಮಡಚದೆ ಮಲಗಿದರೆ 25,200 ಸಲ. ಬೆರಳಿನ ಬದಲು ಕೊಲಾಜನ್ ಬಿರಡೆ ಇಟ್ಟರೆ ಅದು ಕರಗಲು ಸುಮಾರು 90 ದಿನ: 90 ಲಕ್ಷ ಬಡಿತ!

ಮುಚ್ಚಿದ್ದು ಕೈಕೊಟ್ಟರೆ? ಚರ್ಮದಡಿ ರಕ್ತ ಗಂಟು ಕಟ್ಟಬಹುದು, ನಾಳದ ಪಕ್ಕದಲ್ಲೇ ಮಿಡಿಯುವ ಗುಳ್ಳೆ ಏಳಬಹುದು. ಚುಚ್ಚಿದ ಜಾಗ ತುಸು ಮೇಲಾಗಿದ್ದರಂತೂ ಹೊರಗೆ ಒಂದು ಹನಿಯೂ ಕಾಣದೆ ಹೊಟ್ಟೆಯ ಹಿಂಭಾಗದಲ್ಲಿ ಒಂದು ಲೀಟರ್ ಅಡಗಬಲ್ಲದು. ಮೈಯಲ್ಲಿರುವುದೇ ಐದು ಲೀಟರ್! ಅದಕ್ಕೇ ಈಗ ಮಣಿಕಟ್ಟಿನ ದಾರಿಗೆ ಆದ್ಯತೆ. 1989ರಲ್ಲಿ ಕೆನಡಾದ ವೈದ್ಯ ಲೂಸಿಯನ್ ಕ್ಯಾಂಪೋ ತೋರಿಸಿದ ಆ ನಾಳ ಎರಡು ಮೂರು ಮಿ.ಮೀ. ಅಷ್ಟೇ, ರಕ್ತಸ್ರಾವವೂ ಬಹಳ ಕಡಿಮೆ.

ಇನ್ನೂ ದೊಡ್ಡ ಲೆಕ್ಕ ಬೇಕೆ? ಇಂಡಿ, ಮುದ್ದೇಬಿಹಾಳಗಳನ್ನೂ ಸೇರಿಸಿ ಇಡೀ ವಿಜಯಪುರ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ 21.77 ಲಕ್ಷ ಹೃದಯಗಳು. ಅವೆಲ್ಲ ಒಂದಾಗಿ ನೀರೆತ್ತಿದರೆ ಬಸವನ ಬಾಗೇವಾಡಿಯ ನೆರೆಯ ಆಲಮಟ್ಟಿ ಜಲಾಶಯದ 123 ಟಿಎಂಸಿ ಅಡಿ ಏಳೂವರೆ ತಿಂಗಳಲ್ಲಿ ಭರ್ತಿ!

ಇಂಥ ಪ್ರವಾಹಕ್ಕೆ ಒಡ್ಡು ಕಟ್ಟುವವು ರಕ್ತದಲ್ಲಿನ ಪ್ಲೇಟ್‌ಲೆಟ್‌ ಕಣಗಳು. ಒಬ್ಬರ ಮೈಯಲ್ಲೇ ಸುಮಾರು ಒಂದೂಕಾಲು ಲಕ್ಷ ಕೋಟಿ. ಜಿಲ್ಲೆಯ ಜನರಿಗೆಲ್ಲ ಹಂಚಿದರೆ ತಲೆಗೆ ಐದೂವರೆ ಲಕ್ಷ ಬಂದು ಇನ್ನೂ ಮಿಗುತ್ತವೆ. ಹೃದಯದ ನಾಳ ತೆರೆದಿಡುವ ಸ್ಟೆಂಟ್ ಹಾಕಿದ ಮೇಲೆ ಈ ದಂಡಿನ ಅಂಟುಗುಣ ತಗ್ಗಿಸಲೆಂದು ಆಸ್ಪಿರಿನ್ ಜತೆಗೆ ಕೊಡುವ ಕ್ಲೋಪಿಡೋಗ್ರೆಲ್ ದಿನಕ್ಕೆಷ್ಟು ಗೊತ್ತೆ? 75 ಮಿಲಿಗ್ರಾಂ. ಹದಿಮೂರು ದಿನದ ಮದ್ದು ಸೇರಿದರೂ ಒಂದು ಗ್ರಾಂ ತುಂಬುವುದಿಲ್ಲ!