ನಿವೃತ್ತಿಗೆ ಇನ್ನು ಮೂರು ವರ್ಷ ಇದೆಯೇ? ಆರೋಗ್ಯ ವಿಮೆ ಮಾಡಿಸಲು ಇದೇ ಸಮಯ

ಶಾಲು ಹೊದಿಸಿ, ಹಾರ ಹಾಕಿ ಬೀಳ್ಕೊಟ್ಟ ಮೇಲೆ ಸಂಬಳ ನಿಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕಂಪನಿ ಮಾಡಿಸಿದ್ದ ಆರೋಗ್ಯ ವಿಮೆಯೂ ಸಾಮಾನ್ಯವಾಗಿ ಅಂದಿಗೇ ಮುಗಿಯುತ್ತದೆ ಎಂಬುದು ಹಲವರಿಗೆ ಹೊಳೆಯುವುದು ಆಸ್ಪತ್ರೆಯ ಕೌಂಟರ್ ಮುಂದೆ ನಿಂತಾಗ. ಕೆಲವು ಸಂಸ್ಥೆಗಳು ನಿವೃತ್ತರಿಗೂ ವಿಮೆ ಮುಂದುವರಿಸುವುದುಂಟು. ನಿಮ್ಮಲ್ಲಿ ಆ ವ್ಯವಸ್ಥೆ ಇದೆಯೇ ಎಂದು ಎಚ್‌ಆರ್ ವಿಭಾಗವನ್ನು ಈಗಲೇ ಕೇಳಿಬಿಡಿ.

ಈಗಲೇ ಎನ್ನಲು ಕಾರಣವಿದೆ. ಪಾಲಿಸಿ ಕೊಳ್ಳುವಾಗ ಮೊದಲೇ ಇದ್ದ ಕಾಯಿಲೆಗಳಿಗೆ ವಿಮಾ ಕಂಪನಿ ಗರಿಷ್ಠ 36 ತಿಂಗಳವರೆಗೆ ಹಣ ಕೊಡದೆ ಕಾಯಿಸಬಹುದು. ಉದಾಹರಣೆಗೆ, ಪುಣೆಯ ಕಾರ್ಖಾನೆಯೊಂದರಲ್ಲಿ ದುಡಿಯುವ 57 ವರ್ಷದವರೊಬ್ಬರಿಗೆ ಸಕ್ಕರೆ ಕಾಯಿಲೆ ಇದೆ ಎಂದುಕೊಳ್ಳಿ. ಇವತ್ತೇ ಸ್ವಂತ ಪಾಲಿಸಿ ಮಾಡಿಸಿದರೆ 60ಕ್ಕೆ ಬರುವಷ್ಟರಲ್ಲಿ ಕಾಯುವ ಅವಧಿ ಮುಗಿದಿರುತ್ತದೆ. ಅಲ್ಲಿಯವರೆಗೆ ಕಂಪನಿಯ ವಿಮೆ ಕಾಯುತ್ತದೆ. ನಿವೃತ್ತಿಯಾದ ಮೇಲೆ ಮಾಡಿಸಿದರೆ, ಸಕ್ಕರೆ ಕಾಯಿಲೆಯಿಂದ ಬರುವ ಆಸ್ಪತ್ರೆ ಖರ್ಚನ್ನು 63ರವರೆಗೂ ಕೈಯಿಂದಲೇ ಭರಿಸಬೇಕಾಗಬಹುದು. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಕೀಲು ಬದಲಾವಣೆಯಂಥ ಚಿಕಿತ್ಸೆಗಳಿಗೂ ಹೀಗೆಯೇ ಪ್ರತ್ಯೇಕ ಕಾಯುವ ಅವಧಿ ಇರುತ್ತದೆ. ಈ ವಯಸ್ಸಿನಲ್ಲಿ ಬೇಕಾಗುವುದು ಅವೇ ತಾನೆ?

65 ವರ್ಷ ದಾಟಿದವರಿಗೆ ಹೊಸ ಪಾಲಿಸಿ ಸಿಗುವುದಿಲ್ಲ ಎಂಬ ಮಾತು ಈಗ ಹಳತು. ವಿಮಾ ನಿಯಂತ್ರಕ ಐಆರ್‌ಡಿಎಐ 2024ರ ಏಪ್ರಿಲ್‌ನಿಂದ ಆ ಮಿತಿ ತೆಗೆದಿದೆ. ಆದರೆ ಅರ್ಜಿ ಹಾಕಿದವರಿಗೆಲ್ಲ ಪಾಲಿಸಿ ಕೊಡಲೇಬೇಕೆಂದೇನೂ ಇಲ್ಲ. ಬಿಪಿ, ಶುಗರ್ ಇದ್ದರೆ ಪ್ರೀಮಿಯಂ ಏರಬಹುದು, ಅರ್ಜಿ ತಿರಸ್ಕಾರವೂ ಆಗಬಹುದು. ಹಾಗೆಂದು ಕಾಯಿಲೆ ಮುಚ್ಚಿಡಬೇಡಿ. ನಾಳೆ ಕ್ಲೇಮ್ ತಿರಸ್ಕರಿಸಲು ಕಂಪನಿಗೆ ನೀವೇ ಕಾರಣ ಕೊಟ್ಟಂತಾಗುತ್ತದೆ.

ನಿವೃತ್ತಿ ತೀರಾ ಹತ್ತಿರ ಬಂದಿದ್ದರೆ ಇನ್ನೊಂದು ದಾರಿ ಇದೆ. ಕಂಪನಿಯ ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಕೇಳಬಹುದು. ಗುಂಪು ವಿಮೆಯಲ್ಲಿ ಕಳೆದ ವರ್ಷಗಳು, ಅಲ್ಲಿದ್ದ ವಿಮಾ ಮೊತ್ತದ ಮಟ್ಟಿಗೆ, ಕಾಯುವ ಅವಧಿಯಲ್ಲಿ ಲೆಕ್ಕಕ್ಕೆ ಬರುತ್ತವೆ. ಕೆಲಸ ಬಿಟ್ಟ ಮೇಲೆ ಓಡಾಡುವ ಬದಲು ಒಂದೆರಡು ತಿಂಗಳು ಮುಂಚೆಯೇ ಲಿಖಿತ ಅರ್ಜಿ ಕೊಡುವುದು ಒಳಿತು.

ಪಾಲಿಸಿ ಆರಿಸುವಾಗ ಪ್ರೀಮಿಯಂ ಒಂದನ್ನೇ ನೋಡುವವರು ಎಡವುವುದು ಕೊಠಡಿ ಬಾಡಿಗೆಯಲ್ಲಿ. ದಿನಕ್ಕೆ 5,000 ರೂ. ಮಿತಿ ಇರುವಾಗ 10,000 ರೂ. ಕೊಠಡಿ ಹಿಡಿದರೆ ಹೆಚ್ಚಿನ ಬಾಡಿಗೆಯಷ್ಟೇ ನಿಮ್ಮ ಮೇಲೆ ಬೀಳುವುದಿಲ್ಲ; ಅನೇಕ ಪಾಲಿಸಿಗಳಲ್ಲಿ ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್ ಶುಲ್ಕವನ್ನೂ ಅದೇ ಪ್ರಮಾಣದಲ್ಲಿ ಅರ್ಧಕ್ಕೆ ಇಳಿಸುತ್ತಾರೆ. ಹಿರಿಯರ ಪಾಲಿಸಿಗಳಲ್ಲಿ ಪ್ರತಿ ಬಿಲ್ಲಿನ ಒಂದು ಪಾಲನ್ನು ನೀವೇ ಕಟ್ಟಬೇಕೆಂಬ ಕೋ-ಪೇ ಷರತ್ತೂ ಸಾಮಾನ್ಯ.

ಮುಂಬೈ, ದೆಹಲಿಯಲ್ಲಿ ದುಡಿದು ನಿವೃತ್ತಿಯ ನಂತರ ಧಾರವಾಡ, ಉಡುಪಿಗೆ ಮರಳುವ ಯೋಚನೆ ಇರುವವರು, ಊರಿನ ಹತ್ತಿರದ ಯಾವ ಆಸ್ಪತ್ರೆಯಲ್ಲಿ ನಗದುರಹಿತ ಚಿಕಿತ್ಸೆ ಸಿಗುತ್ತದೆ ಎಂದು ಮೊದಲೇ ನೋಡಬೇಕು. ಸಣ್ಣ ಊರಿನ ದರದಲ್ಲಿ ಪಾಲಿಸಿ ಕೊಂಡು ಮಹಾನಗರದಲ್ಲಿ ಚಿಕಿತ್ಸೆ ಪಡೆದರೆ ಕೆಲವು ಕಂಪನಿಗಳು ಬಿಲ್ಲಿನಲ್ಲಿ ಕಡಿತ ಮಾಡುತ್ತವೆ.

ಸರ್ಕಾರಿ ದಾರಿಗಳೂ ಇವೆ. ಕೇಂದ್ರ ಸರ್ಕಾರಿ ಪಿಂಚಣಿದಾರರಿಗೆ ಸಿಜಿಎಚ್‌ಎಸ್ ಇದೆ. ಇಎಸ್‌ಐ ವ್ಯಾಪ್ತಿಯಲ್ಲಿ ಕನಿಷ್ಠ ಐದು ವರ್ಷ ಇದ್ದು ವಯೋನಿವೃತ್ತಿ ಹೊಂದಿದವರು ವರ್ಷಕ್ಕೆ ಕೇವಲ 120 ರೂ. ಕಟ್ಟಿ ತಮಗೂ ಸಂಗಾತಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಸಿಕೊಳ್ಳಬಹುದು; ಇದು ಗೊತ್ತಿಲ್ಲದೆ ಬಿಟ್ಟುಕೊಡುವವರೇ ಹೆಚ್ಚು. 70 ತುಂಬಿದವರಿಗೆ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಭಾರತ್ ಅಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ನೀಡುವ ಯೋಜನೆ 2024ರ ಅಕ್ಟೋಬರ್‌ನಲ್ಲಿ ಆರಂಭವಾಗಿದೆ. ಖಾಸಗಿ ವಿಮೆ ಇದ್ದವರೂ ಇದಕ್ಕೆ ಅರ್ಹರು. ಆದರೆ 60ರಿಂದ 70ರ ನಡುವಿನ ಹತ್ತು ವರ್ಷ ಇದನ್ನು ನಂಬಿ ಕೂರುವಂತಿಲ್ಲ.

ಪ್ರೀಮಿಯಂ ವಿಷಯದಲ್ಲಿ ಸ್ವಲ್ಪ ನೆಮ್ಮದಿ ಸಿಕ್ಕಿದೆ. ವೈಯಕ್ತಿಕ ಆರೋಗ್ಯ ವಿಮೆ ಮೇಲಿದ್ದ ಶೇ. 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ. ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸುವ ಮುನ್ನ ಕಂಪನಿಗಳು ಐಆರ್‌ಡಿಎಐ ಜೊತೆ ಸಮಾಲೋಚಿಸಬೇಕು. ಪಾಲಿಸಿ ಕೈಸೇರಿದ ಮೇಲೆ ಷರತ್ತುಗಳು ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಹಿಂದಿರುಗಿಸಲು ಅವಕಾಶವಿದೆ. ಆ 30 ದಿನಗಳಲ್ಲಿ ಏಜೆಂಟ್ ಹೇಳಿದ್ದನ್ನೂ ಪಾಲಿಸಿಯಲ್ಲಿ ಬರೆದಿರುವುದನ್ನೂ ಒಮ್ಮೆ ತಾಳೆ ಹಾಕಿ ನೋಡಿ.