ಈರುಳ್ಳಿ ಸಿಪ್ಪೆಯೊಳಗಿನ ಮದ್ದು

ಬೇಸಿಗೆಯಲ್ಲಿ ಕುಮಟಾದ ಅಳ್ವೆಕೋಡಿ ದಾಟುವಾಗ ಹೆದ್ದಾರಿ 66ರ ಬದಿಯಲ್ಲಿ ಸಿಹಿ ಈರುಳ್ಳಿಯ ಗೊಂಚಲುಗಳು ಸಾಲಾಗಿ ತೂಗುತ್ತಿರುತ್ತವೆ. ಭತ್ತ ಕೊಯ್ದ ಗದ್ದೆಯಲ್ಲೇ ಬೆಳೆದ, ತಿಳಿಗೆಂಪು ಬಣ್ಣದ ಗಡ್ಡೆಗಳು. ಅವುಗಳ ಒಣ ಸಿಪ್ಪೆ ನಮಗೆ ಬರೀ ಕಸ. ಆದರೆ ಗಿಡಗಳು ಶಿಲೀಂಧ್ರಕ್ಕೆ ತಾವೇ ಮದ್ದು ತಯಾರಿಸಿಕೊಳ್ಳುತ್ತವೆ ಎಂಬುದಕ್ಕೆ ವಿಜ್ಞಾನಿಗಳಿಗೆ ಸಿಕ್ಕ ಆರಂಭದ ಗಟ್ಟಿ ಪುರಾವೆಗಳಲ್ಲೊಂದು ಈರುಳ್ಳಿ ಸಿಪ್ಪೆಯದೇ.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬಿಳಿ ಈರುಳ್ಳಿಯ ಮೇಲೆ ಕಪ್ಪು ಚುಕ್ಕೆಗಳು ಬಳೆಬಳೆಯಾಗಿ ಮೂಡುತ್ತಿದ್ದವು. ಕೊಲೆಟೊಟ್ರೈಕಮ್ ಎಂಬ ಶಿಲೀಂಧ್ರದ ಕಾಟ ಅದು. ಪಕ್ಕದಲ್ಲೇ ಇದ್ದ ಕೆಂಪು, ಹಳದಿ ತಳಿಗಳಿಗೆ ಮಾತ್ರ ರೋಗ ತಾಗುತ್ತಿರಲಿಲ್ಲ. ವಿಜ್ಞಾನಿಗಳಾದ ಜೆ.ಸಿ. ವಾಕರ್ ಮತ್ತು ಕಾರ್ಲ್ ಪಾಲ್ ಲಿಂಕ್ ಬಣ್ಣದ ಸಿಪ್ಪೆಯನ್ನು ಜಾಲಾಡಿದರು. 1929ರಲ್ಲಿ ಪ್ರೋಟೊಕ್ಯಾಟೆಚುಯಿಕ್ ಆಮ್ಲದ ಬಗ್ಗೆ, 1933ರಲ್ಲಿ ಕ್ಯಾಟೆಕಾಲ್ ಬಗ್ಗೆ ವರದಿ ಮಾಡಿದರು. ಇವೆರಡೂ ನೀರಿನಲ್ಲಿ ಕರಗುವ ಫೀನಾಲ್‌ಗಳು. ಸಿಪ್ಪೆಯ ಮೇಲೆ ಹನಿ ಬಿದ್ದರೆ ಅದರೊಳಕ್ಕೆ ಇಳಿದುಬರುತ್ತವೆ. ಆ ಹನಿಯನ್ನೇ ನೆಚ್ಚಿ ಮೊಳೆಯಲು ಹೊರಟ ಶಿಲೀಂಧ್ರದ ಬೀಜಕ ಅಲ್ಲೇ ಸಾಯುತ್ತದೆ. ಸತ್ತ ಸಿಪ್ಪೆ ಜೀವಂತ ಗಡ್ಡೆಯನ್ನು ಕಾಯುತ್ತದೆ! ಒಣಸಿಪ್ಪೆ ಸುಲಿದುಬಿಟ್ಟರೆ ಕೆಂಪು ಈರುಳ್ಳಿಗೂ ಅದೇ ರೋಗ ಹತ್ತುತ್ತದೆ. ಹಾಗಾಗಿ ಕೂಡಿಡುವ ಗೊಂಚಲಿನ ಸಿಪ್ಪೆಯನ್ನು ಚಂದಕ್ಕೆಂದು ಉಜ್ಜಿ ತೆಗೆಯಬಾರದು.

ಹಾಗೆಂದು ಇದು ಎಲ್ಲ ರೋಗಕ್ಕೂ ಕವಚವಲ್ಲ. ಕೆಂಪು ಈರುಳ್ಳಿ ಹೆಚ್ಚುವಾಗ ಸಿಪ್ಪೆಯಡಿ ಕಾಣುವ ಕಪ್ಪು ಪುಡಿ ಆಸ್ಪರ್ಜಿಲಸ್ ಎಂಬ ಬೂಷ್ಟು. ಅದಕ್ಕೆ ಈ ಸಿಪ್ಪೆ ತಡೆಯಾಗದು. ಹೊನ್ನಾವರದ ಕಡೆಯ ವೀಳ್ಯದೆಲೆಯಲ್ಲೂ ಶಿಲೀಂಧ್ರ ತಡೆಯಬಲ್ಲ ಯೂಜೆನಾಲ್‌ನಂಥ ಸಾರವಿದೆ. ಆದರೂ ವೀಳ್ಯದ ಬಳ್ಳಿಯ ಬುಡ ಮಳೆಗಾಲದಲ್ಲಿ ಫೈಟಾಫ್ತೊರಾ ಎಂಬ ರೋಗಾಣು ತಗುಲಿ ಕೊಳೆಯುವುದುಂಟು.

ಅಡಿಕೆಯ ಕೊಳೆರೋಗವೂ ಫೈಟಾಫ್ತೊರಾ ಕುಲದ್ದೇ ಕೆಲಸ. ಸರಿಯಾಗಿ ಹೇಳಬೇಕೆಂದರೆ ಫೈಟಾಫ್ತೊರಾ ಶಿಲೀಂಧ್ರವಲ್ಲ, ನೀರಿನಲ್ಲಿ ಈಜುವ ಬೀಜಕಗಳುಳ್ಳ ಬೇರೊಂದು ಜೀವಿ. ಕೊಳೆಗೆ ಎಲೆರಸ, ಕಷಾಯ ಸಾಲದೇ ಎಂದು ತೋಟಿಗರು ಕೇಳುತ್ತಾರೆ. ಆಸೆ ನ್ಯಾಯವಾದದ್ದೇ, ಕೊಳೆಗೆಂದು ಹೊಡೆಯುವ ಮೈಲುತುತ್ತದ ತಾಮ್ರ ವರ್ಷವರ್ಷವೂ ಮಣ್ಣು ಸೇರುತ್ತಿದೆ. ಆದರೆ ಲೋಟದಲ್ಲಿ ಗೆದ್ದ ರಸ ಅಡಿಕೆ ಕೊನೆಯ ಮೇಲೆ ಗೆಲ್ಲಬೇಕಲ್ಲ! ಈರುಳ್ಳಿಗೆ ವರವಾದ ಕರಗುವ ಗುಣವೇ ಇಲ್ಲಿ ಶಾಪ. ಕರಾವಳಿಯ ಆಷಾಢದ ಜಡಿಮಳೆಗೆ ಕರಗುವ ರಸ ಒಂದೇ ದಿನದಲ್ಲಿ ತೊಳೆದುಹೋದೀತು. ಬಿಸಿಲು ಬಿದ್ದರೆ ಹಲವು ಸಾರಗಳು ಬೇಗ ಕೆಡುತ್ತವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಇಂದಿಗೂ ಉಳಿದಿರುವುದು ಕಾಯಿಗೆ ಅಂಟಿ ಕೂರುವುದರಿಂದ. ಅದಕ್ಕೂ ರಾಳ, ವಾಷಿಂಗ್ ಸೋಡಾದ ಅಂಟು ಬೆರೆಸುವವರಿದ್ದಾರೆ. ಮಳೆಗೂ ಮುನ್ನ ಒಮ್ಮೆ ಹೊಡೆದು, ಸುಮಾರು 40-45 ದಿನಕ್ಕೆ ಮತ್ತೊಮ್ಮೆ ಹೊಡೆಯಬೇಕು.

ಅಡಿಕೆ ಕೊನೆಗೆ ಕರಡದ ಹುಲ್ಲಿನ ಹೊದಿಕೆ, ಅಂದರೆ ಕೊಟ್ಟೆ, ಕಟ್ಟುತ್ತಿದ್ದ ಹಳಬರು ಮದ್ದನ್ನೇ ಬಳಸುತ್ತಿರಲಿಲ್ಲ, ಕಾಯಿಗೆ ನೀರು ತಾಗದಂತೆ ನೋಡಿಕೊಳ್ಳುತ್ತಿದ್ದರು. ಸಸ್ಯಸಾರದಿಂದ ಕೊಳೆಮದ್ದು ಮಾಡಹೊರಟವರಿಗೆ ಸಾರದ ಕಟುತ್ವಕ್ಕಿಂತ, ಅದನ್ನು ಮಳೆಯಲ್ಲಿ ಕಾಯಿಯ ಮೇಲೆ ವಾರಗಟ್ಟಲೆ ನಿಲ್ಲಿಸುವುದೇ ದೊಡ್ಡ ಕೆಲಸ.